ಕಾಲೇಜಿಗೆ ಬಂದಿದ್ದೀರಿ, ಹಾಡಬೇಕು ಅನ್ನಿಸುತ್ತಿದೆ: ಎಲ್ಲಿಂದ ಶುರು ಮಾಡುವುದು?

ಪ್ರತಿ ವರ್ಷ ಕಾಲೇಜು ಶುರುವಾದ ಹೊಸತರಲ್ಲಿ ಪರಿಚಯದವರ ಮನೆ ಮಕ್ಕಳಿಂದ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಕ್ಕಾ, ಹಾಸ್ಟೆಲಿಗೆ ಬಂದೆ. ಇಲ್ಲಿ ಏನಾದ್ರೂ ಸಂಗೀತ ಮಾಡಬೇಕು ಅಂತ ಆಸೆ. ಆದ್ರೆ ಚಿಕ್ಕವಳಿದ್ದಾಗ ಕಲಿತಿಲ್ಲ. ಈಗ ಆಗುತ್ತಾ?" ಇನ್ನು ಕೆಲವರ ಕತೆ ಬೇರೆ. ಏಳೆಂಟು ವರ್ಷ ಪಾಠಕ್ಕೆ ಹೋಗಿರುತ್ತಾರೆ, ಸಂಗೀತದ ಜೂನಿಯರ್ ಪರೀಕ್ಷೆಯೂ ಪಾಸಾಗಿರುತ್ತದೆ. ಹತ್ತನೇ ಕ್ಲಾಸು ಬಂತು, ಪಾಠ ನಿಂತಿತು. ಪಿಯುಸಿಯಲ್ಲಂತೂ ಕೇಳುವುದೇ ಬೇಡ. ಶ್ರುತಿಪೆಟ್ಟಿಗೆ ಅಟ್ಟ ಸೇರಿತು.

ಇಬ್ಬರಿಗೂ ನಾನು ಹೇಳುವುದು ಒಂದೇ. ಆಗುತ್ತದೆ. ಆದರೆ ವೇದಿಕೆ ಆಮೇಲೆ ಹುಡುಕೋಣ, ಮೊದಲು ಜೊತೆ ಹುಡುಕಿ. ಒಬ್ಬರೇ ಕೂತು ಯೂಟ್ಯೂಬ್ ನೋಡಿ ಕಲಿಯಲು ಮುಂದೆಯೂ ಸಮಯ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನಾಲ್ಕು ಜನ ಒಂದೇ ಸಂಜೆ ಬಿಡುವಾಗಿ ಸಿಗಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಹಾಸ್ಟೆಲಿನಲ್ಲಿ ಕಾರಿಡಾರಿನ ಆ ತುದಿಗೆ ನಡೆದರೆ ಸಾಕು, ಒಬ್ಬ ತಬಲಾದವನು ಸಿಕ್ಕಿಬಿಡುತ್ತಾನೆ. ಆ ಅನುಕೂಲ ಇರುವುದು ಈ ಮೂರು, ನಾಲ್ಕು, ಐದು ವರ್ಷ ಮಾತ್ರ.

ನಾನು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಓದಿದವಳು. ಹಾಗಾಗಿ ಇಲ್ಲಿ ಮೈಸೂರಿನ ಮಾತು ಸ್ವಲ್ಪ ಜಾಸ್ತಿ ಬರುತ್ತದೆ. ನೀವು ಧಾರವಾಡದಲ್ಲೋ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಇದ್ದರೆ ಊರಿನ ಹೆಸರು ಬದಲಾಯಿಸಿಕೊಳ್ಳಿ, ದಾರಿ ಹೆಚ್ಚೂಕಡಿಮೆ ಇದೇ.

ಮೊದಲ ವಾರ: ಬೀಗದ ಕೈ ಯಾರ ಹತ್ತಿರ ಇದೆ?

ಹೆಚ್ಚಿನ ಕಾಲೇಜುಗಳಲ್ಲಿ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ಡೋಲಕ್ ಎಲ್ಲೋ ಇದ್ದೇ ಇರುತ್ತವೆ. ಯಾವುದೋ ವರ್ಷದ ಅನುದಾನದಲ್ಲಿ ಕೊಂಡದ್ದು. ಅವು ಯಾವ ಬೀರುವಿನಲ್ಲಿವೆ ಎಂದು ಪ್ರಿನ್ಸಿಪಾಲರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಗೊತ್ತಿರುವುದು ಅಟೆಂಡರಿಗೆ. ಆದ್ದರಿಂದ ಮೊದಲು ಅವರನ್ನೇ ಮಾತಾಡಿಸಿ. "ಅಣ್ಣಾ, ಹಾರ್ಮೋನಿಯಂ ಇಟ್ಟಿರೋ ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಕೇಳಿದರೆ ಬೀರು, ಬೀಗ, ಹಿಂದಿನ ವರ್ಷ ಹಾಡುತ್ತಿದ್ದವರ ಹೆಸರು ಎಲ್ಲಾ ಒಟ್ಟಿಗೇ ಸಿಗುತ್ತದೆ.

ಆಮೇಲೆ ಸಾಂಸ್ಕೃತಿಕ ವಿಭಾಗದ ಸಂಚಾಲಕರನ್ನು ನೋಡಿ. ಆ ಹೊಣೆ ಹೊತ್ತ ಅಧ್ಯಾಪಕರೊಬ್ಬರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ, ಬಹಳ ಸಲ ಕನ್ನಡ ವಿಭಾಗದವರೇ. ಕನ್ನಡ ಸಂಘ ಮತ್ತು ಎನ್ನೆಸ್ಸೆಸ್ ಘಟಕವನ್ನೂ ಮರೆಯಬೇಡಿ. ಎನ್ನೆಸ್ಸೆಸ್ ಶಿಬಿರದಲ್ಲಿ ಬೆಳಗ್ಗೆ, ಸಂಜೆ, ಊಟಕ್ಕೆ ಮುಂಚೆ ಎಲ್ಲಾ ಕಡೆ ಹಾಡೇ. ಏಳು ದಿನದ ಶಿಬಿರ ಮುಗಿಯುವುದರೊಳಗೆ ಯಾರಿಗೆ ಒಳ್ಳೆ ದನಿಯಿದೆ ಎಂದು ಇಡೀ ಬ್ಯಾಚಿಗೆ ಗೊತ್ತಾಗಿರುತ್ತದೆ.

ಸಂಚಾಲಕರ ಹತ್ತಿರ ಹೋದಾಗ "ಸರ್, ನನಗೆ ಸಂಗೀತದಲ್ಲಿ ಆಸಕ್ತಿ" ಎಂದಷ್ಟೇ ಹೇಳಿದರೆ ಅವರು ಪಾಪ ಏನು ಮಾಡಬೇಕು? ಬಿಡಿಸಿ ಹೇಳಿ. "ನಾಲ್ಕು ಭಾವಗೀತೆ ಪೂರ್ತಿ ಬರುತ್ತೆ ಸರ್. ತಾಳ ಹಾಕ್ತೀನಿ. ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯೋಕೆ ಬರುತ್ತೆ, ನುಡಿಸೋಕೆ ಬರಲ್ಲ." ಇಷ್ಟು ಹೇಳಿದವರನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಮೊದಲ ಅವಕಾಶ ಬಹುಶಃ ನಾಡಗೀತೆಯದೇ ಆಗಿರುತ್ತದೆ. ಅದನ್ನು ಸಣ್ಣದು ಎಂದುಕೊಳ್ಳಬೇಡಿ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ ಹಾಡಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಐದಾರು ಜನ ಒಟ್ಟಿಗೆ ಉಸಿರು ತೆಗೆದುಕೊಂಡು, ಸಾಲು ನುಂಗದೆ, ಅಷ್ಟೇ ಹೊತ್ತಿನಲ್ಲಿ ಮುಗಿಸುವುದಿದೆಯಲ್ಲ, ಗುಂಪಿನಲ್ಲಿ ಹಾಡಲು ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಸ್ಟಾಪ್‌ವಾಚ್ ಇಟ್ಟುಕೊಂಡು ಹಾಡಿ ನೋಡಿ.

ನಿಮ್ಮ ಶ್ರುತಿ ಯಾವುದು ಎಂದು ತಿಳಿದುಕೊಳ್ಳಿ

ಹಾಡಿನ ಸ ನಿಲ್ಲುವ ಎತ್ತರವೇ ಶ್ರುತಿ, ಅದನ್ನು ಒಂದು ಮನೆ, ಎರಡು ಮನೆ ಎಂದು ಎಣಿಸುತ್ತಾರೆ. ಹೊಸಬರು ಎಡವುವುದು ಇಲ್ಲೇ. ಸಿನಿಮಾ ಹಾಡನ್ನು ಮೂಲ ಗಾಯಕರ ಶ್ರುತಿಯಲ್ಲೇ ಹಾಡಲು ಹೋಗುತ್ತಾರೆ. ಪಲ್ಲವಿ ಚೆನ್ನಾಗಿ ಬರುತ್ತದೆ, ಚರಣಕ್ಕೆ ಬಂದಾಗ ಗಂಟಲು ಕಟ್ಟುತ್ತದೆ. "ನನಗೆ ದನಿಯೇ ಇಲ್ಲ" ಎಂದು ಕೈಬಿಡುತ್ತಾರೆ. ದನಿ ಇದೆ, ಮನೆ ತಪ್ಪಿದೆ ಅಷ್ಟೇ.

ಒಂದು ಸಂಜೆ ಬಿಡುವು ಮಾಡಿಕೊಂಡು ಹಾರ್ಮೋನಿಯಂ ಮುಂದೆ ಕೂರಿ. ಇಲ್ಲದಿದ್ದರೆ ಫೋನಿನ ತಂಬೂರಿ ಆ್ಯಪ್ ಸಾಕು. ಒಂದು ಸ್ವರ ಹಿಡಿದು ಅದನ್ನೇ ಸ ಎಂದುಕೊಳ್ಳಿ. ಅಲ್ಲಿಂದ ಕೆಳಗೆ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಪಂಚಮದವರೆಗೆ (ಪ) ಹೋಗಿ. ದನಿ ಗಾಳಿಯಾಗದೆ ಕೇಳಿಸಬೇಕು. ಮೇಲೆ ತಾರದ, ಅಂದರೆ ಮೇಲಿನ ಸ್ಥಾಯಿಯ, ಗಾಂಧಾರದವರೆಗೆ (ಗ) ಹೋಗಿ. ಕತ್ತಿನ ನರ ಉಬ್ಬಬಾರದು. ಎರಡೂ ಸಲೀಸಾಗಿ ಆಗುವ ಜಾಗವೇ ನಿಮ್ಮ ಶ್ರುತಿ. ಸಾಮಾನ್ಯವಾಗಿ ಗಂಡಸರದು ಒಂದರಿಂದ ಎರಡೂವರೆ ಮನೆ, ಹೆಂಗಸರದು ನಾಲ್ಕೂವರೆಯಿಂದ ಆರು. ಆ್ಯಪಿನಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಒಂದು ಮನೆ ಅಂದರೆ ಸಿ, ಐದು ಅಂದರೆ ಜಿ. ಹಿಂದೂಸ್ತಾನಿಯವರು ಕರಿ ಒಂದು, ಬಿಳಿ ನಾಲ್ಕು ಎಂದು ಹಾರ್ಮೋನಿಯಂ ಪಟ್ಟಿಯ ಬಣ್ಣದಲ್ಲೇ ಹೇಳುತ್ತಾರೆ. ಯಾವ ಭಾಷೆಯಲ್ಲಾದರೂ ಸರಿ, ನಿಮ್ಮದನ್ನು ಬಾಯಿಪಾಠ ಮಾಡಿಕೊಳ್ಳಿ. "ನಿಂದು ಎಷ್ಟು ಶ್ರುತಿ?" ಎಂದು ಪಕ್ಕವಾದ್ಯದವರು ಕೇಳಿದಾಗ ಥಟ್ಟನೆ ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಲಯಕ್ಕೆ ಒಂದು ಸುಲಭದ ಅಭ್ಯಾಸ ಇದೆ. ಹಾಸ್ಟೆಲಿನಿಂದ ಕ್ಲಾಸಿಗೆ ನಡೆಯುವಾಗ ಹೆಜ್ಜೆಗೆ ಸರಿಯಾಗಿ ಮನಸ್ಸಿನಲ್ಲೇ ಹಾಡಿ. ಎಂಟು ಹೆಜ್ಜೆಗೆ ಆದಿತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು. ಹಾಡಿನ ಕಷ್ಟದ ಜಾಗ ಬಂದಾಗ ಹೆಜ್ಜೆ ಬೇಗವಾಯಿತೋ? ಹಾಗಾದರೆ ನಿಮ್ಮ ಲಯ ಓಡುತ್ತಿದೆ.

ಪಾಠಕ್ಕೆ ಸೇರುವುದಾದರೆ

ಸೇರಿ ಅಂತಲೇ ನಾನು ಹೇಳುವುದು. ವಾರಕ್ಕೆ ಒಂದೇ ಪಾಠ ಆದರೂ ಸರಿ, ಎದುರು ಕೂತು ತಿದ್ದುವವರು ಬೇಕು. ಅಪಸ್ವರ ಬಂದರೆ ವಿಡಿಯೊ ಸುಮ್ನೆ ಓಡುತ್ತಲೇ ಇರುತ್ತದೆ.

ಮೈಸೂರಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಇದೆ. ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಇದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅಂಥವರ ಒಡನಾಟ ಪಡೆದ ವಿಶ್ವವಿದ್ಯಾಲಯ ಅದು. ನೀವು ರಸಾಯನಶಾಸ್ತ್ರವನ್ನೋ ಕಾಮರ್ಸನ್ನೋ ಓದುತ್ತಿದ್ದರೂ ಇಂಥ ಕಡೆ ಒಮ್ಮೆ ಹೋಗಿ ವಿಚಾರಿಸಿ. ಸಂಗೀತವನ್ನೇ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಲ್ಲಿ ಹೊಸಬರಿಗೆ ಪಾಠ ಹೇಳುವವರು ಇರುತ್ತಾರೆ. ನಿಮ್ಮ ವಯಸ್ಸಿನವರೇ ಆದ್ದರಿಂದ ಸಂಕೋಚವೂ ಕಮ್ಮಿ.

ಗುರುಗಳ ಮನೆಗೆ ಹೋಗುವ ಮುಂಚೆ ಒಂದು ಫೋನ್ ಮಾಡಿ ಸಮಯ ಕೇಳಿ. ಮೊದಲ ದಿನ ಒಂದು ಗಂಟೆ ಸುಮ್ಮನೆ ಕೂತು ಬೇರೆಯವರ ಪಾಠ ಕೇಳಲು ಅನುಮತಿ ಕೇಳಿ. ಅವರು ತಪ್ಪನ್ನು ಹೇಗೆ ತಿದ್ದುತ್ತಾರೆ ಎನ್ನುವುದನ್ನು ಗಮನಿಸಿ, ನಾನಂತೂ ಅದನ್ನು ನೋಡಿಯೇ ನಿರ್ಧಾರ ಮಾಡುತ್ತೇನೆ. ಫೀಸು ಎಷ್ಟು, ಸೆಮಿಸ್ಟರ್ ಪರೀಕ್ಷೆ ಇದ್ದಾಗ ಪಾಠ ತಪ್ಪಿದರೆ ಹೇಗೆ ಎಂದು ಅಂದೇ ಕೇಳಿಬಿಡಿ. ಹಾಗೆ ಕೇಳುವುದು ಅಗೌರವ ಏನಲ್ಲ. ವಿದ್ಯಾರ್ಥಿ ಎಂದು ಫೀಸು ಕಮ್ಮಿ ಮಾಡುವ ಗುರುಗಳು ಎಷ್ಟೋ ಜನ ಇದ್ದಾರೆ, ಆದರೆ ನಾವು ಬಾಯಿ ಬಿಡಬೇಕಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಕರ್ನಾಟಕ ಸಂಗೀತ ಶುರು ಮಾಡಿದರೂ ಮಾಯಾಮಾಳವಗೌಳ ರಾಗದ ಸರಳೆ ವರಸೆ ಎಂಬ ಮೊದಲ ಸ್ವರಪಾಠದಿಂದಲೇ ಶುರು. ಪಕ್ಕದಲ್ಲಿ ಎಂಟು ವರ್ಷದ ಮಗು ಮುಂದಿನ ಪಾಠವಾದ ಜಂಟಿ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡುತ್ತಿರುತ್ತದೆ. ಬೇಜಾರಾಗುತ್ತದೆ, ನಿಜ. ಆರು ತಿಂಗಳು ತಡೆದುಕೊಳ್ಳಿ. ದೊಡ್ಡವರಾದ ಮೇಲೆ ಕಲಿಯುವವರಿಗೆ ಸಾಹಿತ್ಯದ ಅರ್ಥ ತಿಳಿಯುತ್ತದೆ, ತಾಳದ ಲೆಕ್ಕ ಒಮ್ಮೆ ಹೇಳಿದರೆ ತಲೆಗೆ ಹೋಗುತ್ತದೆ. ಗಂಟಲು ಮಾತ್ರ ನಿಧಾನ. ಅದಕ್ಕೆ ದಿನಾ ಇಪ್ಪತ್ತು ನಿಮಿಷ ಕೊಡಿ. ಭಾನುವಾರ ಒಂದೇ ಸಲ ಮೂರು ಗಂಟೆ ಹಾಡಿದರೆ ದನಿ ಕೆಡುತ್ತದೆ.

ಮೊದಲೇ ಕಲಿತು ಬಿಟ್ಟವರು ನಿಂತಲ್ಲಿಂದ ಮುಂದುವರಿಸಿ. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಹಿಂದೂಸ್ತಾನಿಯಲ್ಲಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ವಿಶಾರದದವರೆಗಿನ ಮೆಟ್ಟಿಲುಗಳಿವೆ. ಇನ್ನು, ಬಹಳ ವರ್ಷ ಗುರುವಿನ ಹತ್ತಿರ ಕಲಿತವರು ಗಮನಿಸಬೇಕಾದ್ದು ಒಂದಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಶಿಷ್ಯವೇತನವೂ ಇದೆ. ಅರ್ಜಿ ಕರೆದಾಗ ಕೈಯಲ್ಲಿ ಗುರುಗಳ ಪತ್ರ, ಪರೀಕ್ಷೆಯ ಪ್ರಮಾಣಪತ್ರ, ಕಾರ್ಯಕ್ರಮದ ಕರಪತ್ರ ಇರಬೇಕು. ಕೊನೆಯ ದಿನ ಹುಡುಕಿದರೆ ಇವು ಸಿಗುವುದಿಲ್ಲ. ಮೊದಲ ವರ್ಷದಿಂದಲೇ ಒಂದು ಫೈಲು ಮಾಡಿ.

ವಾದ್ಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವೀಣೆ, ಪಿಟೀಲು ಹತ್ತೊಂಬತ್ತಕ್ಕೆ ಶುರು ಮಾಡುವವರು ವೇದಿಕೆಯ ಯೋಚನೆ ಬಿಟ್ಟು, ಖುಷಿಗೆ ಕಲಿಯಿರಿ. ಬೇಗ ಗುಂಪು ಸೇರಬೇಕು ಎನ್ನುವವರಿಗೆ ಡೋಲಕ್, ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ), ಕೀಬೋರ್ಡ್, ಗಿಟಾರ್ ಒಳ್ಳೆಯದು. ಹಾಡುವವರು ಹತ್ತು ಜನ ಇರುವ ಕಡೆ ನುಡಿಸುವವರು ಒಬ್ಬರಿರುತ್ತಾರೆ. ಕೊಳ್ಳುವ ಮೊದಲು ಕಾಲೇಜಿನ ವಾದ್ಯದಲ್ಲೇ ಮೂರು ತಿಂಗಳು ನುಡಿಸಿ ನೋಡಿ.

ಹಾಸ್ಟೆಲಿನಲ್ಲಿ ಎಲ್ಲಿ ಹಾಡುವುದು?

ರೂಮಿನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವರು ಸ್ನಾನಕ್ಕೆ, ತಿಂಡಿಗೆ ಹೋಗುವ ಹೊತ್ತು ನಿಮ್ಮದು. ತಾರಸಿ, ನೀರಿನ ಟ್ಯಾಂಕಿನ ಪಕ್ಕ, ಐದು ಗಂಟೆಯ ಮೇಲೆ ಖಾಲಿಯಾದ ಕ್ಲಾಸ್‌ರೂಮು, ಇವೇ ನಮ್ಮ ಜಾಗಗಳು. ಖಾಲಿ ಕ್ಲಾಸಿನಲ್ಲಿ ದನಿ ಗುಂಯ್ಗುಡುವುದರಿಂದ ಎಲ್ಲರ ದನಿಯೂ ಚೆನ್ನಾಗಿ ಕೇಳುತ್ತದೆ. ಅದನ್ನು ನಂಬಬೇಡಿ. ವಾರಕ್ಕೊಮ್ಮೆ ಬಯಲಿನಲ್ಲಿ ನಿಂತು ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ರಾತ್ರಿ ಬಾಯಿ ಮುಚ್ಚಿ ಹ್ಮ್ ಎಂದು ಸ್ವರ ಹಿಡಿಯುವ ಅಭ್ಯಾಸ ಮಾಡಬಹುದು, ಯಾರಿಗೂ ತೊಂದರೆಯಿಲ್ಲ.

ಗುಂಪು ಕಟ್ಟುವುದು

ನಾನು ಜಾಸ್ತಿ ಹೇಳಬೇಕೆಂದಿರುವುದು ಈ ಭಾಗವನ್ನೇ.

ಮೊದಲು ದಿನ ಮತ್ತು ಹೊತ್ತು ಗೊತ್ತುಮಾಡಿ, ಆಮೇಲೆ ಜನರನ್ನು ಕರೆಯಿರಿ. "ಎಲ್ಲರೂ ಫ್ರೀ ಇದ್ದಾಗ ಸೇರೋಣ" ಎಂದರೆ ಯಾರೂ ಸೇರುವುದಿಲ್ಲ. ನಮ್ಮದು ಮಂಗಳವಾರ ಮತ್ತು ಶುಕ್ರವಾರ, ಸಂಜೆ ಆರರಿಂದ ಏಳೂಕಾಲು. ಮೆಸ್ಸಿನಲ್ಲಿ ಊಟ ಶುರುವಾಗುವ ಮುಂಚೆ ಮುಗಿಯಬೇಕಿತ್ತು. ಮೊದಲ ಮೂರು ವಾರ ನಾವು ಮೂವರೇ. ನಾಲ್ಕನೆಯ ವಾರ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದ ಹುಡುಗನೊಬ್ಬ ಒಳಗೆ ಬಂದ. ಹಾಡಲು ಬರುವುದಿಲ್ಲ ಎಂದ. ಡೆಸ್ಕಿನ ಮೇಲೆ ಬೆರಳಲ್ಲಿ ಬಡಿಯುತ್ತಾ ಕೂತ. ಅವನ ಊರಲ್ಲಿ ಭಜನೆಗೆ ಡೋಲಕ್ ನುಡಿಸುತ್ತಿದ್ದನಂತೆ. ಅಲ್ಲಿಂದ ಎರಡು ವರ್ಷ ನಮ್ಮ ಲಯವೆಲ್ಲಾ ಅವನ ಕೈಯಲ್ಲಿತ್ತು.

ಆರು ಜನ ಒಟ್ಟಿಗೆ ಹಾಡಲು ಹೊರಟಾಗ ಹೀಗೆ ಮಾಡಿ.

ಎಲ್ಲರಿಗೂ ಎಟುಕುವ ಹಾಡು ಆರಿಸಿ. ಭಾವಗೀತೆ ಮತ್ತು ಜನಪದ ಗೀತೆ ಹೊಸ ಗುಂಪಿಗೆ ಹೇಳಿ ಮಾಡಿಸಿದವು. ತತ್ವಪದವೂ ಆಗುತ್ತದೆ. ಸಾಹಿತ್ಯವನ್ನು ಒಬ್ಬರು ಬೋರ್ಡಿನ ಮೇಲೆ ಬರೆಯಲಿ, ಎಲ್ಲರೂ ಅದನ್ನೇ ಕೈಯಲ್ಲಿ ಬರೆದುಕೊಳ್ಳಲಿ. ಫೋನು ನೋಡಿ ಹಾಡುವ ಅಭ್ಯಾಸ ಮೊದಲ ದಿನದಿಂದಲೇ ಬೇಡ. ಮೊದಲು ಹಾಡನ್ನು ಓದಿ, ರಾಗವಿಲ್ಲದೆ, ಎಲ್ಲರೂ ಒಟ್ಟಿಗೆ. ಯಾವ ಪದ ಎಲ್ಲಿ ಒಡೆಯಬೇಕು ಎಂದು ಗೊತ್ತಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣ, ಸ, ಶ ಇಲ್ಲೇ ಸರಿಯಾಗಬೇಕು. ಆರು ಜನರ ಆರು ಥರದ ಉಚ್ಚಾರ ಮೈಕಿನಲ್ಲಿ ಬಹಳ ಕೆಟ್ಟದಾಗಿ ಕೇಳುತ್ತದೆ.

ಉಸಿರಿನ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಸಾಲಿನ ನಡುವೆ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡರೆ ಅಲ್ಲಿ ಹಾಡಿಗೆ ತೂತು ಬೀಳುತ್ತದೆ. ಉದ್ದ ಸಾಲುಗಳಲ್ಲಿ ಇಬ್ಬಿಬ್ಬರು ಬೇರೆ ಬೇರೆ ಕಡೆ ತೆಗೆದುಕೊಳ್ಳಿ. ಶ್ರುತಿ ಗಂಡು ಹೆಣ್ಣು ದನಿಗಳಿಗೆ ನಡುವಿನದಾಗಬೇಕಾಗುತ್ತದೆ. ಆಗ ಮೇಲಿನ ಸಾಲುಗಳನ್ನು ಹುಡುಗಿಯರಿಗೆ, ಕೆಳಗಿನವನ್ನು ಹುಡುಗರಿಗೆ ಹಂಚಿ, ಪಲ್ಲವಿ ಮಾತ್ರ ಎಲ್ಲರೂ ಹಾಡಿ.

ಎಲ್ಲರ ದನಿಯೂ ಒಂದಾಗಿದೆಯೇ ಎಂದು ನೋಡಲು ನಮ್ಮ ಸೀನಿಯರ್ ಒಬ್ಬರು ಹೇಳಿಕೊಟ್ಟ ಉಪಾಯ ಇದು: ಕಣ್ಣು ಮುಚ್ಚಿ ಹಾಡಿ, ಪಕ್ಕದವರ ದನಿ ನಿಮಗೆ ಕೇಳಬೇಕು. ಕೇಳದಿದ್ದರೆ ನೀವು ಜೋರಾಗಿ ಹಾಡುತ್ತಿದ್ದೀರಿ.

ಒಂದು ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಇಡಿ. ಒಂದು ಹಾಡಿಗೆ ಒಂದು ಪುಟ. ಮೇಲೆ ಶ್ರುತಿ, ತಾಳ, ಹಾಡಲು ಹಿಡಿಯುವ ಸಮಯ, ಯಾವ ಸಾಲು ಯಾರದು. ಪರೀಕ್ಷೆ ಮುಗಿಸಿ ಒಂದೂವರೆ ತಿಂಗಳು ಬಿಟ್ಟು ಸೇರಿದಾಗ ಈ ಪುಸ್ತಕ ಇಲ್ಲದಿದ್ದರೆ ಎಲ್ಲಾ ಮೊದಲಿಂದ.

ಜಗಳ ಬರುತ್ತದೆ. ಸೋಲೊ ಸಾಲು ಯಾರಿಗೆ ಎನ್ನುವುದಕ್ಕೇ ಬರುತ್ತದೆ. ಹಾಡಿಗೊಬ್ಬರಂತೆ ಸರದಿ ಹಚ್ಚಿ. ದನಿ ತುಂಬಾ ಚೆನ್ನಾಗಿದ್ದು ರಿಹರ್ಸಲ್‌ಗೆ ಬಾರದವರಿಗಿಂತ, ಸಾಧಾರಣ ದನಿಯಿದ್ದು ಪ್ರತಿ ಮಂಗಳವಾರ ಬರುವವರಿಗೆ ಸಾಲು ಕೊಡಿ. ನಾವು ಒಂದು ಸಲ ಇದಕ್ಕೆ ಉಲ್ಟಾ ಮಾಡಿ, ಕಾರ್ಯಕ್ರಮದ ಹಿಂದಿನ ದಿನ ಸೋಲೊದವರೇ ಇಲ್ಲದೆ ಹಾಡನ್ನೇ ಬದಲಾಯಿಸಬೇಕಾಯಿತು.

ಯುವಜನೋತ್ಸವದ ದಾರಿ

ಮೊದಲು ಕಾಲೇಜಿನ ಆಯ್ಕೆ, ಆಮೇಲೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಯುವಜನೋತ್ಸವ. ಅಲ್ಲಿ ಗೆದ್ದವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ವಲಯ ಮಟ್ಟಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ. 2023ರಲ್ಲಿ ರಾಷ್ಟ್ರೀಯ ಉತ್ಸವ ಬೆಂಗಳೂರಿನಲ್ಲೇ ನಡೆದಿತ್ತು. ಎಲ್ಲಾ ಹಂತದಲ್ಲೂ 25 ವರ್ಷದ ವಯೋಮಿತಿ ಇದೆ, ಪಿಎಚ್.ಡಿ. ಮಾಡುತ್ತಿರುವವರು ನೋಡಿಕೊಳ್ಳಿ.

ಸಂಗೀತದಲ್ಲಿ ವಿಭಾಗಗಳು ಬಹಳ: ಶಾಸ್ತ್ರೀಯ ಗಾಯನ, ತಾಳವಾದ್ಯ, ಸ್ವರವಾದ್ಯ, ಸುಗಮ ಸಂಗೀತ, ಪಾಶ್ಚಾತ್ಯ ಗಾಯನ, ಸಮೂಹ ಗಾಯನ, ಜನಪದ ವಾದ್ಯವೃಂದ. ಸಮೂಹ ಗಾಯನಕ್ಕೆ ಹಾಡುವವರು ಆರು, ನುಡಿಸುವವರು ಮೂರು, ಹತ್ತು ನಿಮಿಷದ ಮಿತಿ. ಸುಗಮ ಸಂಗೀತದಲ್ಲಿ ಸಿನಿಮಾ ಹಾಡು ನಡೆಯುವುದಿಲ್ಲ, ನಾಲ್ಕರಿಂದ ಆರು ನಿಮಿಷದಲ್ಲಿ ಮುಗಿಸಬೇಕು. ಆ ವರ್ಷದ ನಿಯಮಗಳ ಪ್ರತಿ ಸಂಚಾಲಕರ ಹತ್ತಿರ ಬಂದಿರುತ್ತದೆ. ಅದನ್ನು ಕೇಳಿ ತೆಗೆದುಕೊಂಡು, ಹಾಡು ಆರಿಸುವ ಮೊದಲೇ ಪೂರ್ತಿ ಓದಿ.

ಹೆಚ್ಚು ಪೈಪೋಟಿ ಇರುವುದು ಒಂಟಿ ಗಾಯನಕ್ಕೆ. ನನ್ನನ್ನು ಕೇಳಿದರೆ ಜನಪದ ವಾದ್ಯವೃಂದದ ಕಡೆ ನೋಡಿ. ಡೊಳ್ಳು, ತಮಟೆ, ನಗಾರಿ, ಕಂಸಾಳೆ, ಚೌಡಿಕೆ, ಏಕತಾರಿ ಇವುಗಳಲ್ಲಿ ಒಂದಾದರೂ ಮನೆಯಲ್ಲಿ, ಊರ ಜಾತ್ರೆಯಲ್ಲಿ ಕೈಗೆ ಸಿಕ್ಕಿರುವ ಹುಡುಗರು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನ ಇಲ್ಲ! ಅದನ್ನು ಸಂಗೀತ ಎಂದು ಯಾರೂ ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ. ತಮಟೆ ನುಡಿಸುವ ಅಪ್ಪನ ಮಗ ಹಾಸ್ಟೆಲಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡು ತಿರುಗುವಂತಾಗಬಾರದು. ನೀವಾಗಿಯೇ ಹೋಗಿ ಕೇಳಿ. ಕಲಿಸಿಕೊಡು ಅನ್ನಿ.

ಮೈಸೂರಿನಲ್ಲಿರುವವರಿಗೆ ದಸರಾ ಮುಂಚಿನ ಯುವ ಸಂಭ್ರಮ ಇನ್ನೊಂದು ಅವಕಾಶ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಾನಾ ಜಿಲ್ಲೆಗಳ ಕಾಲೇಜು ತಂಡಗಳು ಬರುತ್ತವೆ. ಕುಣಿತವೇ ಜಾಸ್ತಿ, ಆದರೂ ಅಷ್ಟು ದೊಡ್ಡ ಜನದ ಮುಂದೆ ನಿಂತ ಅನುಭವ ಬೇರೆಲ್ಲೂ ಸುಲಭಕ್ಕೆ ಸಿಗದು.

ವೇದಿಕೆ ಹತ್ತುವ ದಿನ

ಫೋನಿನಲ್ಲಿ ತಂಬೂರಿ ಹಾಕಿಕೊಂಡು ಹಾಡುವವರು ಮೊದಲು ಏರೋಪ್ಲೇನ್ ಮೋಡ್ ಒತ್ತಿ. ನಾನು ಎರಡನೇ ಸೆಮಿಸ್ಟರಿನಲ್ಲಿ ಹಾಡುತ್ತಿದ್ದಾಗ ಚರಣದ ನಡುವೆ ಮನೆಯಿಂದ ಕರೆ ಬಂತು. ತಂಬೂರಿ ನಿಂತಿತು, ಮೈಕಿನಲ್ಲಿ ರಿಂಗ್‌ಟೋನ್ ಹೊಡೆಯಿತು. ಅದನ್ನು ಕಟ್ ಮಾಡಿ ಮತ್ತೆ ಶುರು ಮಾಡುವಾಗ ಗಾಬರಿಯಲ್ಲಿ ಅರ್ಧ ಮನೆ ಮೇಲೆ ಹಿಡಿದೆ. ಹಾರ್ಮೋನಿಯಂ ಅಣ್ಣ ಮೆಲ್ಲಗೆ ಸ ಒತ್ತಿ ಹಿಡಿದುಕೊಂಡರು. ನಾನು ಅದನ್ನು ಕೇಳಿಸಿಕೊಂಡು ಇಳಿಯುವಷ್ಟರಲ್ಲಿ ಎರಡು ಸಾಲು ಹೋಗಿತ್ತು. ಅವತ್ತಿನಿಂದ ಎರಡು ಫೋನು. ಒಂದು ನಿಂತರೆ ಇನ್ನೊಂದು ಓಡುತ್ತಿರುತ್ತದೆ.

ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ತಾರಕ್ಕೆ ಹೋಗುವಾಗ ತುಸು ಹಿಂದೆ ಸರಿಯಿರಿ. ಸೌಂಡಿನವರಿಗೆ "ಅಣ್ಣಾ, ಎಕೋ ಕಮ್ಮಿ ಮಾಡಿ, ಮಾನಿಟರಿನಲ್ಲಿ ಶ್ರುತಿ ಸ್ವಲ್ಪ ಜಾಸ್ತಿ ಕೊಡಿ" ಎಂದು ಮೊದಲೇ ಹೇಳಿ. ಮಾನಿಟರ್ ಅಂದರೆ ವೇದಿಕೆಯ ಮೇಲೆ ನಮ್ಮ ಕಡೆಗೇ ತಿರುಗಿಸಿಟ್ಟ ಸ್ಪೀಕರು. ಅವರಿಗೆ ನಮಸ್ಕಾರ ಹೇಳಿ ಹೆಸರು ಕೇಳಿಕೊಂಡವರ ಸೌಂಡ್ ಚೆನ್ನಾಗಿಯೇ ಬರುತ್ತದೆ. ಮೈಕು ಎನ್ನುವುದು ಎಂಥ ಅನುಕೂಲ ನೋಡಿ. ನಮ್ಮ ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದೇ ಹಿಂದೆ ಕೂತವರಿಗೂ ನಾದ ಮುಟ್ಟಲಿ ಎಂದು.

ತಬಲಾ, ಮೃದಂಗದವರು ಶ್ರುತಿ ಸೇರಿಸಿಕೊಳ್ಳುವವರೆಗೆ ಕಾಯಿರಿ. ನಿರೂಪಕರು ಅವಸರ ಮಾಡಿದರೂ ಕಾಯಿರಿ.

ಕೇಳುವುದು

ವಾರಕ್ಕೆ ಒಂದು ಕಛೇರಿ ಎದುರು ಕೂತು ಕೇಳಿ. ದುಡ್ಡು ಬೇಕಾಗಿಲ್ಲ. ಮೈಸೂರಿನಲ್ಲಿ ಗಣೇಶ ಹಬ್ಬದಲ್ಲಿ ಒಂಟಿಕೊಪ್ಪಲಿನ 8ನೇ ಕ್ರಾಸಿನ ಪೆಂಡಾಲಿಗೆ ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ. ದಸರಾದಲ್ಲಿ ಅರಮನೆ ಮುಂದೆ ಸಂಜೆ ಸಂಜೆ ಸಂಗೀತ. ಬೆಂಗಳೂರಿನವರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ ಇದೆ, ನಡೆಸುವ ರಾಮಸೇವಾ ಮಂಡಳಿ 1939ರಷ್ಟು ಹಳೆಯದು. ಹುಬ್ಬಳ್ಳಿ ಧಾರವಾಡದವರು ವರ್ಷಕ್ಕೊಮ್ಮೆ ಕುಂದಗೋಳಕ್ಕೆ ಹೋಗಿ ಬನ್ನಿ. ಭೀಮಸೇನ ಜೋಶಿಯವರು ಕಲಿತದ್ದು ಆ ಊರಿನ ಸವಾಯಿ ಗಂಧರ್ವರ ಹತ್ತಿರ. ಗುರುಗಳ ನೆನಪಿನಲ್ಲಿ ನಾಡಗೀರ ವಾಡೆಯಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ನೆಲದ ಮೇಲೆ ಕೂತು ಕೇಳುವುದೇ ಒಂದು ಪಾಠ.

ಹೋಗುವಾಗ ಒಬ್ಬರೇ ಹೋಗಬೇಡಿ. ಗುಂಪಿನ ಇಬ್ಬರನ್ನಾದರೂ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ವಾಪಸ್ ಬರುವಾಗ ಮಾತಾಡಿಕೊಳ್ಳುತ್ತೀರಲ್ಲ, ಅಲ್ಲೇ ಅರ್ಧ ಕಲಿಕೆ.

ಹಾಡದೆಯೂ ಜೊತೆಗಿರಬಹುದು

ದನಿ ಒಗ್ಗುವುದಿಲ್ಲ ಅನ್ನಿಸಿದವರಿಗೂ ಕೆಲಸ ಬೇಕಾದಷ್ಟಿದೆ. ಸ್ಪಿಕ್ ಮೆಕೆ ಹೆಸರು ಕೇಳಿರಬಹುದು. 1977ರಲ್ಲಿ ದೆಹಲಿ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ ಶುರು ಮಾಡಿದ ಚಳವಳಿ. ಕಾಲೇಜುಗಳಿಗೆ ದೊಡ್ಡ ಕಲಾವಿದರನ್ನು ಕರೆಸುತ್ತದೆ, ವಿದ್ಯಾರ್ಥಿಗಳಿಗೆ ಪ್ರವೇಶ ಉಚಿತ. ನಡೆಸುವವರು ಸ್ವಯಂಸೇವಕರು, ಅದರಲ್ಲೂ ವಿದ್ಯಾರ್ಥಿಗಳು. ಕಲಾವಿದರನ್ನು ಸ್ಟೇಷನ್ನಿನಿಂದ ಕರೆತರುವುದು, ವೇದಿಕೆಗೆ ಜಮಖಾನ ಹಾಸುವುದು, ಫ್ಲಾಸ್ಕಿನಲ್ಲಿ ಬಿಸಿನೀರು ಇಡುವುದು. ತಂಬೂರಿ ಶ್ರುತಿ ಮಾಡುವುದನ್ನು ಎರಡಡಿ ದೂರದಿಂದ ನೋಡುವ ಭಾಗ್ಯ ಅವರಿಗೇ ಸಿಗುವುದು.

ರೇಡಿಯೊ ಇನ್ನೊಂದು ಬಾಗಿಲು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪ್ರಸಾರ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎನ್ನುವ ಹೆಸರು ಹುಟ್ಟಿದ್ದು ಅಲ್ಲಿ. ಒಬ್ಬ ಕಾಲೇಜು ಮೇಷ್ಟ್ರ ಮನೆಯಿಂದ ಹೊರಟ ದನಿ ಅದು! ಆಕಾಶವಾಣಿಯಲ್ಲಿ ಹಾಡಬೇಕೆಂದರೆ ಧ್ವನಿಪರೀಕ್ಷೆ ಇರುತ್ತದೆ. ಯುವಕರಿಗೆಂದೇ ಯುವವಾಣಿ ಇದೆ. ನಿಮ್ಮ ಹತ್ತಿರದ ಕೇಂದ್ರಕ್ಕೆ ಹೋಗಿ ಅರ್ಜಿ ಯಾವಾಗ ಎಂದು ಕೇಳಿ ಬನ್ನಿ.

ಹಾಜರಾತಿ, ಪರೀಕ್ಷೆ ಮತ್ತು ಕೊನೆಯ ಸೆಮಿಸ್ಟರ್

75 ಪರ್ಸೆಂಟ್ ಹಾಜರಾತಿ ಯಾರನ್ನೂ ಬಿಡುವುದಿಲ್ಲ. ಸ್ಪರ್ಧೆಗೆ ಹೋಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟು ಸಹಿ ಮಾಡಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಬಂದ ಮೇಲೆ ಕೇಳಿದರೆ ಕಷ್ಟ. ಪರೀಕ್ಷೆಗೆ ಮೂರು ವಾರ ಇರುವಾಗ ರಿಹರ್ಸಲ್ ನಿಲ್ಲಿಸಿ. ಆದರೆ ವಾರಕ್ಕೊಮ್ಮೆ ಅರ್ಧ ಗಂಟೆ ಸೇರಿ, ಹೊಸದೇನೂ ಬೇಡ, ಗೊತ್ತಿರುವ ಒಂದು ಹಾಡು ಹಾಡಿ ಎದ್ದುಹೋಗಿ. ಪೂರ್ತಿ ಬಿಟ್ಟ ಗುಂಪು ಮತ್ತೆ ಸೇರುವುದು ಕಡಿಮೆ.

ಕೊನೆಯ ಸೆಮಿಸ್ಟರಿನಲ್ಲಿ ಇಬ್ಬರು ಜೂನಿಯರ್‌ಗಳನ್ನು ಗೊತ್ತುಮಾಡಿ, ಪುಸ್ತಕವನ್ನು ಅವರ ಕೈಗೆ ಕೊಡಿ. ಕೊಡುವ ಮುಂಚೆ ಮೊದಲ ಪುಟದಲ್ಲಿ ಇಷ್ಟು ಬರೆದಿಡಿ: ಬೀರುವಿನ ಬೀಗದ ಕೈ ಯಾವ ಅಟೆಂಡರ್ ಹತ್ತಿರ ಇದೆ, ಡೋಲಕ್ಕಿಗೆ ಚರ್ಮ ಹಾಕಿಕೊಡುವವರ ಅಂಗಡಿ ಎಲ್ಲಿ, ಹಾರ್ಮೋನಿಯಂನ ಯಾವ ಪಟ್ಟಿ ಒತ್ತಿದರೆ ಎದ್ದು ಬರುವುದಿಲ್ಲ, ಮತ್ತು ಸೇರುವ ದಿನ ಮಂಗಳವಾರ, ಶುಕ್ರವಾರ, ಸಂಜೆ ಆರು.